ಡೈವರ್ಸಿಟಿ ಹೈರಿಂಗ್ (ಬೇರೆ ಬೇರೆ ಹಿನ್ನೆಲೆಯವ್ರನ್ನ ಕೆಲಸಕ್ಕೆ ತಗೊಳೋದು) ಅಂತ ಆರು ಜನ ತಗೊಂಡ್ವಿ, ಒಂದೂವರೆ ವರ್ಷಕ್ಕೆ ನಾಲ್ಕು ಜನ ಖಾಲಿ. ಎಲ್ಲಿ ಎಡವಿದ್ವಿ?

ಟೀಮ್‌ಲೀಡ್ ಗೋಳು
ಸ್ವಲ್ಪ ಉದ್ದ ಇದೆ, ಸಹಿಸ್ಕೊಳಿ. ನಾನಿರೋದು ಹತ್ತಾರು ದೇಶದಲ್ಲಿ ಆಫೀಸ್ ಇರೋ ಕಂಪನಿ, ನನ್ ಟೀಮಲ್ಲಿ ಮೊದ್ಲು 16 ಜನ ಇದ್ರು, ಮೂರು ಟೈಮ್‌ಝೋನ್. ಎರಡು ವರ್ಷದ ಹಿಂದೆ ಮೇಲಿಂದ ಮಾತು ಬಂತು, ನಿಮ್ ಟೀಮ್ ನೋಡಿದ್ರೆ ಎಲ್ರನ್ನೂ ಒಂದೇ ಅಚ್ಚಲ್ಲಿ ಎರಕ ಹೊಯ್ದಂಗಿದೆ, 16ರಲ್ಲಿ 14 ಗಂಡಸರು, ಎಲ್ರೂ ಒಂದೇ ಥರ ಕಾಲೇಜು, ಒಂದೇ ವಯಸ್ಸು, ಏನಾದ್ರೂ ಮಾಡಿ ಅಂತ. ನಂಗೂ ಅದು ಸರಿ ಅನ್ಸಿತ್ತು, ಸುಳ್ಳು ಹೇಳಲ್ಲ. ಆರು ಜನ ತಗೊಂಡ್ವಿ. ಮಕ್ಕಳಿಗೋಸ್ಕರ ಕೆಲಸ ಬಿಟ್ಟು ವಾಪಸ್ ಬಂದ ಇಬ್ರು ಹೆಂಗಸರು, ಡಿಗ್ರಿ ಇಲ್ದೇ ತಾನೇ ಕಲ್ತ ಒಬ್ಬ ಹುಡುಗ, 50 ದಾಟಿದವರು ಒಬ್ರು, ಕಿವಿ ಸರಿಯಾಗಿ ಕೇಳ್ಸದೇ ಇರೋರು ಒಬ್ರು, ಬೇರೆ ದೇಶದ ಆಫೀಸಿಂದ ಒಬ್ರು.

ಒಂದೂವರೆ ವರ್ಷ ಆಯ್ತು, ಆರರಲ್ಲಿ ನಾಲ್ಕು ಜನ ಹೋಗಾಯ್ತು. ಜಗಳ ಇಲ್ಲ, ಕಂಪ್ಲೇಂಟ್ ಇಲ್ಲ. ಕೆಲಸ ಬಿಡುವಾಗ ತುಂಬೋ ಎಕ್ಸಿಟ್ ಇಂಟರ್‌ವ್ಯೂ ಫಾರ್ಮಲ್ಲಿ ನಾಲ್ಕೂ ಜನ ಬರ್ದಿರೋದು ಒಂದೇ, ‘ಒಳ್ಳೇ ಅವಕಾಶ ಸಿಕ್ತು’. ಈಗ ಮ್ಯಾನೇಜ್‌ಮೆಂಟಲ್ಲಿ ಕೆಲವ್ರು ‘ನೋಡಿದ್ರಾ, ಈ ಪ್ರಯೋಗ ಎಲ್ಲಾ ನಡೆಯಲ್ಲ’ ಅಂತ ಮೀಟಿಂಗಲ್ಲೇ ಅಂತಿದಾರೆ. ನಾನ್ ಏನ್ ತಪ್ಪು ಮಾಡ್ದೆ ಅಂತ ನಂಗೇ ಗೊತ್ತಾಗ್ತಿಲ್ಲ. ಬೈಯೋದಾದ್ರೆ ಬೈಯಿರಿ, ಆದ್ರೆ ಉಪಯೋಗಕ್ಕೆ ಬರೋ ಥರ ಬೈಯಿರಿ.

ಹಳೇ ಎಚ್ಆರ್
ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಎಕ್ಸಿಟ್ ಫಾರ್ಮಲ್ಲಿ ನಿಜ ಬರ್ದಿರೋರನ್ನ ಕೈಬೆರಳಲ್ಲಿ ಎಣಿಸ್ಬೋದು. ಯಾಕ್ ಬರೀತಾರೆ ಹೇಳಿ? ನಾಳೆ ಮುಂದಿನ ಕಂಪನಿಯವ್ರು ವಿಚಾರಿಸೋಕೆ ಫೋನ್ ಮಾಡೋದು ನಿಮಗೇ ತಾನೆ. ಆ ಫಾರ್ಮ್ ಪಕ್ಕಕ್ಕಿಡಿ.

ನನ್ ಪ್ರಶ್ನೆ ಬೇರೆ. ಆ ಆರು ಜನ ಬಂದ ಮೊದಲ 90 ದಿನದಲ್ಲಿ ಅವ್ರ ಪಕ್ಕ ಯಾರು ಕೂತಿದ್ರು, ಅವ್ರ ಕೈಗೆ ಯಾವ ಕೆಲಸ ಕೊಟ್ರಿ? ಇಂಟರ್‌ವ್ಯೂ ಕಥೆ ಆಮೇಲೆ ಮಾತಾಡೋಣ. ಎಲ್ರೂ ಬಾಗಿಲ ಬಗ್ಗೆನೇ ತಲೆ ಕೆಡಿಸ್ಕೋತಾರೆ, ಒಳಗೆ ಬಂದವ್ರಿಗೆ ಕೂರೋಕೆ ಜಾಗ ಇದ್ಯಾ ಅಂತ ಯಾರೂ ನೋಡಲ್ಲ.

ಮೆರಿಟ್ ಮಾತ್ರ
ನಾನು ನೇರವಾಗಿ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಟಾರ್ಗೆಟ್ ಇಟ್ಕೊಂಡು ಜನ ತಗೊಂಡ್ರೆ ಹೀಗೇ ಆಗೋದು ಅಲ್ವಾ? ಮಟ್ಟ ಸ್ವಲ್ಪ ಇಳಿಸಿರ್ತೀರ, ಅವ್ರಿಗೂ ಅದು ಗೊತ್ತಾಗಿರತ್ತೆ, ಉಸಿರು ಕಟ್ಟಿ ಓಡಿ ಹೋಗಿರ್ತಾರೆ. ಯಾರು ಚೆನ್ನಾಗಿ ಕೆಲಸ ಮಾಡ್ತಾರೋ ಅವ್ರನ್ನ ತಗೊಳಿ, ಹೆಂಗಸೋ ಗಂಡಸೋ ಯಾವ ದೇಶನೋ, ಅದ್ಯಾಕೆ ಬೇಕು.

ಟೀಮ್‌ಲೀಡ್ ಗೋಳು
ಮೆರಿಟ್ ಅವ್ರೇ, ಇಲ್ಲ. ಟೆಸ್ಟ್ ಎಲ್ರಿಗೂ ಒಂದೇ, ಪಾಸ್ ಮಾರ್ಕೂ ಒಂದೇ. ಆ ವರ್ಷದ ಟಾಪ್ ಸ್ಕೋರ್ ಆ ಡಿಗ್ರಿ ಇಲ್ದೇ ಇರೋ ಹುಡುಗನ್ದು, ಎರಡನೇದು ವಾಪಸ್ ಬಂದ ಒಬ್ರು ಮೇಡಂದು. ನಾವು ಮಾಡಿದ್ದು ಇಷ್ಟೇ, ಜಾಹೀರಾತಲ್ಲಿ ‘ಇಂತಿಂಥಾ ಡಿಗ್ರಿ ಕಡ್ಡಾಯ’ ಅಂತ ಇದ್ದಿದ್ದನ್ನ ತೆಗೆದ್ವಿ, ಮತ್ತೆ ಕೆಲಸದಲ್ಲಿ ಗ್ಯಾಪ್ ಇದ್ರೆ ಸಿಸ್ಟಮ್ಮೇ ರಿಜೆಕ್ಟ್ ಮಾಡೋ ಫಿಲ್ಟರ್ ಆಫ್ ಮಾಡಿದ್ವಿ. ಅಂಥ ಫಿಲ್ಟರ್ ಒಂದು ಇದೆ ಅಂತ ಗೊತ್ತಾಗಿದ್ದೇ ಆವಾಗ.

ಅಂಕಿಅಂಶ
ಈ ‘ಯಾರು ಚೆನ್ನಾಗಿ ಮಾಡ್ತಾರೋ ಅವ್ರನ್ನ’ ಅನ್ನೋ ಮಾತಲ್ಲಿ ತಪ್ಪೇನಿಲ್ಲ, ತೊಂದ್ರೆ ಇರೋದು ಅದನ್ನ ಮೊದ್ಲೇ ಕಂಡುಹಿಡಿಯೋ ವಿಷಯದಲ್ಲಿ. ಆಯ್ಕೆ ವಿಧಾನ ಮುಂದಿನ ಕೆಲಸದ ಗುಣಮಟ್ಟವನ್ನ ಎಷ್ಟು ಸರಿಯಾಗಿ ಹೇಳತ್ತೆ ಅಂತ ಅಳೀತಾರೆ, 0 ಅಂದ್ರೆ ಕಣ್ಮುಚ್ಚಿ ಚೀಟಿ ಎತ್ತಿದಂಗೆ, 1 ಅಂದ್ರೆ ದೇವರೇ ಬಂದು ಹೇಳಿದಂಗೆ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಅನ್ನೋ ಸಂಶೋಧಕರು ಹಳೇ ಅಧ್ಯಯನ ಎಲ್ಲಾ ಸೇರಿಸಿ ಲೆಕ್ಕ ಹಾಕ್ದಾಗ ಮಾಮೂಲಿ ಹರಟೆ ಥರದ ಇಂಟರ್‌ವ್ಯೂಗೆ 0.38, ಎಲ್ರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಗೋಲಲ್ಲಿ ಮಾರ್ಕ್ಸ್ ಹಾಕೋ ಇಂಟರ್‌ವ್ಯೂಗೆ 0.51 ಬಂದಿತ್ತು. 2022ರಲ್ಲಿ ಸ್ಯಾಕೆಟ್ ಮತ್ತವ್ರ ಜೊತೆಯವ್ರು ಆ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದೆ ಅಂತ ತಿದ್ದಿದ್ರು, ಆಗ ಹರಟೆ ಇಂಟರ್‌ವ್ಯೂ 0.19ಕ್ಕೆ ಬಿತ್ತು, ಅಳತೆ ಇರೋ ಇಂಟರ್‌ವ್ಯೂ 0.42, ಅದೇ ಪಟ್ಟಿಯಲ್ಲಿ ಮೊದಲನೇದು. ಅಂದ್ರೆ ಈಗ ನಮ್ಮ ಹತ್ರ ಇರೋ ಒಳ್ಳೇ ಸಾಧನವೂ ಅರ್ಧ ದಾರಿಗಿಂತ ಈಚೆಗೇ ನಿಲ್ಲತ್ತೆ. ‘ನೋಡಿದ್ ತಕ್ಷಣ ಗೊತ್ತಾಗತ್ತೆ ಸರ್ ನಂಗೆ’ ಅನ್ನೋರನ್ನ ಕಂಡ್ರೆ ನಂಗೆ ಮೈ ಉರಿಯತ್ತೆ.

ಇನ್ನು ಬಾಗಿಲಿಗೆ ಬರೋಕ್ ಮುಂಚೆನೇ ಏನಾಗತ್ತೆ ನೋಡಿ. ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಅನ್ನೋ ಅರ್ಥಶಾಸ್ತ್ರಜ್ಞರು ಅಮೆರಿಕದ ಬಾಸ್ಟನ್, ಶಿಕಾಗೋದಲ್ಲಿ ಹತ್ರತ್ರ 5000 ನಕಲಿ ರೆಸ್ಯೂಮೆ ಕಳಿಸಿದ್ರು, 2004ರಲ್ಲಿ ಪ್ರಕಟ ಆಯ್ತು. ಅನುಭವ, ಓದು ಎಲ್ಲಾ ಒಂದೇ ಮಟ್ಟ, ಹೆಸರು ಮಾತ್ರ ಬೇರೆ. ಬಿಳಿಯರದ್ದು ಅನ್ನಿಸೋ ಹೆಸರಿಗೆ 10 ಅರ್ಜಿಗೆ ಒಂದು ಕರೆ, ಕಪ್ಪು ಜನರದ್ದು ಅನ್ನಿಸೋ ಹೆಸರಿಗೆ 15ಕ್ಕೆ ಒಂದು. ಮೆರಿಟ್ ಎಲ್ಲಿ ಸೋರಿ ಹೋಯ್ತು ಹೇಳಿ.

ಕಾಮೆಂಟ್ ಓದಕ್ಕೆ ಬಂದೋನು
ಮಷಿನ್‌ಗೆ ಬಿಟ್‌ಬಿಡಿ ಗುರೂ, ಅದಕ್ಕೆ ಹೆಸರು ಜಾತಿ ಯಾವ್ದೂ ಗೊತ್ತಾಗಲ್ಲ 😄

ಅಂಕಿಅಂಶ
ಅಮೆಜಾನ್‌ನವ್ರು ಬಿಟ್ಟು ನೋಡಾಗಿದೆ. 2014ರಿಂದ ರೆಸ್ಯೂಮೆ ನೋಡಿ ಸ್ಟಾರ್ ಕೊಡೋ ಸಾಫ್ಟ್‌ವೇರ್ ಕಟ್ಟಿದ್ರು, ಹತ್ತು ವರ್ಷದ ಹಳೇ ರೆಸ್ಯೂಮೆ ಹಾಕಿ ಕಲಿಸಿದ್ರು, ಅದ್ರಲ್ಲಿ ಜಾಸ್ತಿ ಗಂಡಸರದ್ದೇ. ಅದೂ ಅದನ್ನೇ ಕಲೀತು, ರೆಸ್ಯೂಮೆಯಲ್ಲಿ ‘ಮಹಿಳಾ ಚೆಸ್ ಕ್ಲಬ್’ ಅನ್ನೋ ಥರ ‘ಮಹಿಳಾ’ ಅಂತ ಪದ ಕಂಡ್ರೆ ಮಾರ್ಕ್ಸ್ ಕಟ್. 2018ರಲ್ಲಿ ರಾಯಿಟರ್ಸ್ ವರದಿ ಮಾಡೋ ಹೊತ್ತಿಗೆ ಅವ್ರೇ ಅದನ್ನ ಕೈ ಬಿಟ್ಟಿದ್ರು. ಈಗ ನ್ಯೂಯಾರ್ಕ್ ನಗರದಲ್ಲಿ ಇಂಥ ಟೂಲ್ ಬಳಸೋಕೆ ಮುಂಚೆ ಪಕ್ಷಪಾತ ಇದ್ಯಾ ಅಂತ ಆಡಿಟ್ ಮಾಡಿಸ್ಬೇಕು, 2023ರ ಜುಲೈಯಿಂದ ಜಾರಿ. ಯುರೋಪಿಯನ್ ಒಕ್ಕೂಟದ 2024ರ ಎಐ ಕಾನೂನಲ್ಲಿ ನೇಮಕಾತಿ ಟೂಲ್‌ಗಳು ‘ಹೆಚ್ಚು ಅಪಾಯ’ದ ಪಟ್ಟಿಯಲ್ಲಿವೆ. ಮಷಿನ್ ಕನ್ನಡಿ ಕಣಪ್ಪ, ನಮ್ ಮುಖನೇ ತೋರ್ಸತ್ತೆ.

ಹಳೇ ಎಚ್ಆರ್
ಅಂಕಿಅಂಶ ಅವ್ರು ಹೇಳಿದ ಅಳತೆಗೋಲು ಕಾಗದದ ಮೇಲೆ ಚೆಂದ, ರೂಮಲ್ಲಿ ಏನಾಗತ್ತೆ ಹೇಳ್ತೀನಿ ಕೇಳಿ. ನಾಲ್ಕು ಜನದ ಪ್ಯಾನೆಲ್, ಕ್ಯಾಂಡಿಡೇಟ್ ಬೇರೆ ದೇಶದವ್ರು, ಪ್ರತಿ ಪ್ರಶ್ನೆಗೂ ನಾಲ್ಕೈದು ಸೆಕೆಂಡ್ ಸುಮ್ನಿದ್ದು, ಮೇಜು ನೋಡಿ ಯೋಚ್ನೆ ಮಾಡಿ, ಆಮೇಲೆ ಉತ್ತರ. ಉತ್ತರ ಎಲ್ಲಾ ಸರಿ. ಅವ್ರು ಹೋದ್ಮೇಲೆ ಒಬ್ರು ಅಂದ್ರು, ‘ಟೆಕ್ನಿಕಲಿ ಓಕೆ, ಆದ್ರೆ ಕಾನ್ಫಿಡೆನ್ಸ್ ಇಲ್ಲ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ಲಿಲ್ಲ, ನಮ್ ಜೊತೆ ಸೆಟ್ ಆಗಲ್ಲ’. ಉಳಿದ ಮೂವರೂ ಹೌದೌದು ಅಂತ ತಲೆ ಆಡ್ಸಿದ್ರು. ನಾನು ಸ್ಕೋರ್ ಶೀಟ್ ಮುಂದಕ್ಕೆ ತಳ್ಳಿ ಕೇಳ್ದೆ, ಇದು ಯಾವ ಕಾಲಮ್ಮಲ್ಲಿ ಬರತ್ತೆ ತೋರ್ಸಿ ಅಂತ. ಶೀಟಲ್ಲಿ ಐದು ಕಾಲಮ್, ಕಣ್ಣಲ್ಲಿ ಕಣ್ಣಿಡೋದು ಯಾವ್ದ್ರಲ್ಲೂ ಇಲ್ಲ. ಎರಡ್ ನಿಮಿಷ ಯಾರೂ ಮಾತಾಡ್ಲಿಲ್ಲ. ಆಮೇಲೆ ಆಯ್ತು ತಗೊಳೋಣ ಅಂದ್ರು.

ಅವತ್ತಿಂದ ಎರಡು ನಿಯಮ ಮಾಡ್ಕೊಂಡೆ. ಮಾತುಕತೆ ಶುರು ಆಗೋಕ್ ಮುಂಚೆ ಎಲ್ರೂ ಅವರವರ ಮಾರ್ಕ್ಸ್ ಬರೆದು ಸಬ್ಮಿಟ್ ಮಾಡ್ಬೇಕು, ಆಮೇಲೆ ಬದಲಾಯ್ಸೋದಾದ್ರೆ ಕಾರಣ ಬರೀಬೇಕು. ಇನ್ನೊಂದು, ಪ್ಯಾನೆಲ್ಲಲ್ಲಿ ಅತಿ ಕಿರಿಯರು ಮೊದ್ಲು ಮಾತಾಡ್ಬೇಕು. ಬಾಸ್ ಮೊದ್ಲು ಬಾಯಿ ಬಿಟ್ರೆ ಉಳಿದೋರೆಲ್ಲ ಗೋಣು ಆಡಿಸೋ ಬಸವ.

ಮೆರಿಟ್ ಮಾತ್ರ
ಒಪ್ತೀನಿ, ಇಂಟರ್‌ವ್ಯೂ ದರಿದ್ರವಾಗಿ ನಡೆಯತ್ತೆ ಅನ್ನೋದು ನಿಜ. ಆದ್ರೆ ನಿಮ್ ಕಡೆಯವ್ರೂ ಅಂಕಿ ಹಿಡ್ಕೊಂಡು ಆಟ ಆಡ್ತೀರ. ‘ಡೈವರ್ಸಿಟಿ ಇದ್ರೆ ಲಾಭ ಜಾಸ್ತಿ’ ಅಂತ ಮೆಕಿನ್ಸಿ ಅನ್ನೋ ಸಲಹಾ ಕಂಪನಿ 2015ರಿಂದ ವರದಿ ಮೇಲೆ ವರದಿ ಬಿಡ್ತು, ಪ್ರತಿ ಪ್ರೆಸೆಂಟೇಶನ್ನಲ್ಲೂ ಅದೇ ಸ್ಲೈಡ್. 2024ರಲ್ಲಿ ಇಬ್ರು ಪ್ರೊಫೆಸರ್‌ಗಳು ಅಮೆರಿಕದ ಎಸ್ ಆಂಡ್ ಪಿ 500 ಪಟ್ಟಿಯಲ್ಲಿರೋ ದೊಡ್ಡ ಕಂಪನಿಗಳ ಮೇಲೆ ಅದೇ ಲೆಕ್ಕ ಮಾಡಿ ನೋಡಿದ್ರೆ ಸಂಬಂಧನೇ ಸಿಗ್ಲಿಲ್ಲ. ಆರ್ಕೆಸ್ಟ್ರಾದಲ್ಲಿ ಪರದೆ ಹಿಂದೆ ಕೂರ್ಸಿ ಆಡಿಶನ್ ಮಾಡಿದ್ರೆ ಹೆಂಗಸರು ಜಾಸ್ತಿ ಸೆಲೆಕ್ಟ್ ಆಗ್ತಾರೆ ಅನ್ನೋ 2000ದ ಅಧ್ಯಯನ ಇದ್ಯಲ್ಲ, ಅದ್ರ ಅಂಕಿಗಳೂ ಗಟ್ಟಿ ಇಲ್ಲ ಅಂತ ಆಮೇಲೆ ಬಿಚ್ಚಿಟ್ರು.

ಅಂಕಿಅಂಶ
ಎರಡೂ ನಿಜ, ವಾದ ಮಾಡಲ್ಲ. ಮೆಕಿನ್ಸಿ ಸ್ಲೈಡ್ ನಾನೂ ಎಷ್ಟೋ ಸಲ ಹಾಕಿದೀನಿ, ಈಗ ಬಿಟ್ಟಿದೀನಿ. ಲಾಭ ಬಂದಿದ್ದಕ್ಕೆ ಡೈವರ್ಸಿಟಿನೋ, ದುಡ್ಡಿರೋ ಕಂಪನಿ ಡೈವರ್ಸಿಟಿ ಮಾಡತ್ತೋ, ಅದೂ ಬಿಡಿಸಿ ಹೇಳೋಕಾಗಲ್ಲ. ನಂಗೆ ಲಾಭದ ಲೆಕ್ಕ ಬೇಕಾಗೂ ಇಲ್ಲ. 15 ಅರ್ಜಿ ಹಾಕೋನಿಗೂ 10 ಅರ್ಜಿ ಹಾಕೋನಿಗೂ ಯೋಗ್ಯತೆ ಒಂದೇ ಇದ್ದಾಗ ಆ ಐದು ಅರ್ಜಿ ಯಾಕೆ ಜಾಸ್ತಿ ಅನ್ನೋದೇ ನಿಮ್ ಮೆರಿಟ್ ಪ್ರಶ್ನೆನೂ ಅಲ್ವಾ?

ಮೂಲೆ ಕುರ್ಚಿ
ನೀವೆಲ್ಲಾ ಬಾಗಿಲ ಬಗ್ಗೆನೇ ಮಾತಾಡ್ತಾ ಇದೀರ. ನಾನು ಅಂಥದ್ದೇ ಒಂದು ಬಾಗಿಲಿಂದ ಒಳಗೆ ಬಂದೋಳು, ಆರು ವರ್ಷ ಗ್ಯಾಪ್ ಆದ್ಮೇಲೆ. ಹೇಳ್ತೀನಿ ಕೇಳಿ.

ಮೊದಲ ವಾರ ಎಲ್ರೂ ಎದ್ದು ಚಪ್ಪಾಳೆ. ಎರಡನೇ ವಾರ ಫೋಟೋಗ್ರಾಫರ್ ಬಂದ, ಲ್ಯಾಪ್‌ಟಾಪ್ ತೋರಿಸ್ತಾ ಏನೋ ವಿವರಿಸೋ ಥರ ನಿಲ್ಲಿಸಿ ಫೋಟೋ ತೆಗೆದ್ರು, ಪರದೆ ಮೇಲೆ ಇದ್ದಿದ್ದು ಲಾಗಿನ್ ಪೇಜು. ಅದು ಕಂಪನಿ ಕರಿಯರ್ ಪೇಜ್‌ಗೆ ಹೋಯ್ತು. ಮುಂದಿನ ಎಂಟು ತಿಂಗಳು ನಾನು ಮಾಡಿದ್ದು ಮೀಟಿಂಗ್ ಮಿನಿಟ್ಸ್ ಬರೆಯೋದು, ಹಳೇ ಡಾಕ್ಯುಮೆಂಟ್ ತಿದ್ದೋದು, ಬೇರೆಯವ್ರು ಬರೆದಿದ್ದನ್ನ ಟೆಸ್ಟ್ ಮಾಡೋದು. ವೆಬ್‌ಸೈಟಲ್ಲಿ ನಾನಿದ್ದೆ, ಪ್ರಾಜೆಕ್ಟಲ್ಲಿ ಇರ್ಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನ ಅರ್ಥ ಮಾಡ್ಕೊಳೋಕೆ ನಂಗೇ ಒಂದು ವರ್ಷ ಹಿಡೀತು. ನಾನೂ, ನನ್ ಜೊತೆ ಅದೇ ತಿಂಗಳು ಸೇರಿದ ಒಬ್ಬ ಹುಡುಗನೂ ಒಂದೇ ದಿನ ಡಿಸೈನ್ ಡಾಕ್ಯುಮೆಂಟ್ ಕಳ್ಸಿದ್ವಿ. ನಂಗೆ ಬಂದ ಉತ್ತರ ಒಂದೇ ಸಾಲು, ‘ತುಂಬಾ ಚೆನ್ನಾಗಿದೆ, ಥ್ಯಾಂಕ್ಸ್!’ ಅಂತ, ಕೊನೇಲಿ ನಗೋ ಮುಖ. ಅವನ್ದು ವಾಪಸ್ ಬಂತು, ಪುಟ ತುಂಬಾ ಕೆಂಪು, ಇದ್ಯಾಕೆ ಹಿಂಗೆ, ಇದು ಲೋಡ್ ಜಾಸ್ತಿಯಾದ್ರೆ ಸಾಯತ್ತೆ, ಈ ಪ್ಯಾರಾ ಅರ್ಥನೇ ಆಗ್ತಿಲ್ಲ, ಹೀಗೆ 41 ಕಾಮೆಂಟು, ನಾನೇ ಎಣಿಸಿದೀನಿ. ನಂಗೆ ಅವತ್ತು ಖುಷಿ, ಅವನ್ಗೆ ಅಳು. ಒಂದು ವರ್ಷ ಕಳೆದ್ಮೇಲೆ ಅವನು ಆರ್ಕಿಟೆಕ್ಟ್ ಮೀಟಿಂಗಲ್ಲಿ ಕೂರ್ತಿದ್ದ, ನಾನು ಅದೇ ಮೀಟಿಂಗಿನ ಮಿನಿಟ್ಸ್ ಬರೀತಿದ್ದೆ. ನಮ್ ಬಾಸ್ ಒಳ್ಳೆಯವ್ರು, ನಿಜವಾಗ್ಲೂ. ನಂಗೆ ನೋವಾಗಬಾರ್ದು, ಪಕ್ಷಪಾತ ಅಂತ ಹೆಸರು ಬರಬಾರ್ದು ಅಂತ ಹೆದರಿ ನಂಗೆ ಏನೂ ಹೇಳ್ತಿರ್ಲಿಲ್ಲ. ಆ ಒಳ್ಳೇತನದಲ್ಲಿ ನನ್ ಒಂದು ವರ್ಷ ಹೋಯ್ತು.

ನಾನು ಬಿಟ್ಟು ಆರು ತಿಂಗಳಾದ್ಮೇಲೂ ಕರಿಯರ್ ಪೇಜಲ್ಲಿ ನಾನೇ ನಗ್ತಾ ನಿಂತಿದ್ದೆ. ಎಕ್ಸಿಟ್ ಫಾರ್ಮಲ್ಲಿ ಏನ್ ಬರೆದೆ ಗೊತ್ತಾ? ‘ಒಳ್ಳೇ ಅವಕಾಶ ಸಿಕ್ತು.’

ರಾತ್ರಿ ಕಾಲ್
ಮೇಲಿನ ಕಾಮೆಂಟ್ ಓದಿ ಐದ್ ನಿಮಿಷ ಸುಮ್ನೆ ಕೂತ್ಬಿಟ್ಟೆ.

ಟೀಮ್‌ಲೀಡ್ ಗೋಳು
ಮೂಲೆ ಕುರ್ಚಿ ಅವ್ರೇ… ನಾನು ‘ಚೆನ್ನಾಗಿದೆ ಥ್ಯಾಂಕ್ಸ್’ ಅಂತ ಎಷ್ಟು ಸಲ ಬರೆದಿದೀನಿ ಅಂತ ಮೇಲ್ ಹುಡುಕೋಕೆ ಭಯ ಆಗ್ತಿದೆ. ಹುಡುಕ್ತೀನಿ.

ಪಾಠದ ಮೇಡಂ
ಟ್ರೇನಿಂಗ್ ವಿಭಾಗದಲ್ಲಿ ಇರೋಳು ನಾನು, ನನ್ ಹೊಟ್ಟೆಪಾಡಿನ ವಿರುದ್ಧವೇ ಮಾತಾಡ್ತಿದೀನಿ ಅಂತ ಗೊತ್ತು. ಇಂಥ ಪರಿಸ್ಥಿತಿ ಬಂದಾಗ ಕಂಪನಿಗಳು ಮೊದ್ಲು ಮಾಡೋ ಕೆಲಸ ಏನಂದ್ರೆ ಎಲ್ರಿಗೂ ಎರಡು ಗಂಟೆಯ ಕಡ್ಡಾಯ ಡೈವರ್ಸಿಟಿ ಟ್ರೇನಿಂಗ್. ಕ್ಲಿಕ್ ಕ್ಲಿಕ್ ಕ್ಲಿಕ್, ಕೊನೇಲಿ ಕ್ವಿಜ್, ಸರ್ಟಿಫಿಕೇಟ್, ಮುಗೀತು. ಕಾಲೆವ್, ಡಾಬಿನ್, ಕೆಲ್ಲಿ ಅನ್ನೋ ಸಮಾಜಶಾಸ್ತ್ರಜ್ಞರು ಅಮೆರಿಕದ 708 ಖಾಸಗಿ ಸಂಸ್ಥೆಗಳ ಮೂವತ್ತು ವರ್ಷದ ಅಂಕಿ ತೆಗೆದು 2006ರಲ್ಲಿ ಬರೆದ್ರು, ಮ್ಯಾನೇಜರ್ ಹುದ್ದೆಗೆ ಹೆಂಗಸರು, ಕಪ್ಪು ಜನ ಏರೋಕೆ ಎಲ್ಲಕ್ಕಿಂತ ಕಮ್ಮಿ ಕೆಲಸ ಮಾಡಿದ್ದು ಈ ಟ್ರೇನಿಂಗೇ. ಇಂಥವ್ರು ಇದಕ್ಕೆ ಹೊಣೆ ಅಂತ ಒಬ್ರ ತಲೆ ಮೇಲೆ ಹೊರಿಸಿದ್ದು ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದು. ಮೆಂಟರಿಂಗ್, ಅಂದ್ರೆ ಹಿರಿಯರೊಬ್ರು ಜೊತೆಗಿದ್ದು ದಾರಿ ತೋರ್ಸೋದು, ನಡುವಲ್ಲಿ. ಬಲವಂತವಾಗಿ ಕೂರಿಸಿ ‘ನಿನ್ ತಲೇಲಿ ಪಕ್ಷಪಾತ ಇದೆ’ ಅಂದ್ರೆ ಯಾರ್ ತಾನೆ ಸುಮ್ನೆ ಕೇಳಿಸ್ಕೋತಾರೆ, ಸಿಟ್ಟೇ ಬರೋದು.

ಟ್ರೇನಿಂಗ್ ಮುಗಿದ್ಮೇಲೆ ‘ಹೇಗಿತ್ತು, 5ರಲ್ಲಿ ಎಷ್ಟು’ ಅಂತ ಕೇಳ್ತೀವಲ್ಲ, ಅದು ಟ್ರೇನಿಂಗ್ ಅಳೆಯೋಕೆ ಕರ್ಕ್‌ಪ್ಯಾಟ್ರಿಕ್ ಅನ್ನೋರು 1959ರಲ್ಲಿ ಹೇಳಿದ ನಾಲ್ಕು ಮೆಟ್ಟಿಲಲ್ಲಿ ಮೊದಲನೇದು ಅಷ್ಟೇ. ಕಲಿತ್ರಾ, ಕೆಲಸದಲ್ಲಿ ಬಳಸಿದ್ರಾ, ಕಂಪನಿಗೆ ಏನು ಬದಲಾಯ್ತು ಅನ್ನೋ ಉಳಿದ ಮೂರು ಮೆಟ್ಟಿಲು ಹತ್ತೋರು ಅಪರೂಪ. ನಾವೂ ಹತ್ತಲ್ಲ.

ಮೂಲೆ ಕುರ್ಚಿ ಅವ್ರು ಹೇಳಿದ್ದೇ ಅಸಲು ವಿಷಯ. ನಮ್ ಫೀಲ್ಡಲ್ಲಿ 70-20-10 ಅಂತಾರೆ, ಕಲಿಯೋದು 70 ಪಾಲು ಕಷ್ಟದ ಕೆಲಸ ಮಾಡಿ, 20 ಬೇರೆಯವ್ರಿಂದ, 10 ಕ್ಲಾಸಲ್ಲಿ. ಯಶಸ್ವಿ ಎಕ್ಸಿಕ್ಯುಟಿವ್‌ಗಳನ್ನ 80ರ ದಶಕದಲ್ಲಿ ಕೇಳಿ ಮಾಡಿದ್ದು ಅದು, ತಕ್ಕಡಿಯಲ್ಲಿ ತೂಗಿದ ಲೆಕ್ಕ ಏನಲ್ಲ, ಆದ್ರೆ ದಿಕ್ಕು ಸರಿ ಇದೆ. ಆ 70 ಯಾರ್ ಕೈಲಿದೆ? ಟ್ರೇನಿಂಗ್ ವಿಭಾಗದ ಕೈಲಿಲ್ಲ. ಸೋಮವಾರ ಬೆಳಗ್ಗೆ ಕೆಲಸ ಹಂಚೋ ಲೀಡ್ ಕೈಲಿದೆ.

ರಾತ್ರಿ ಕಾಲ್
ದೇಶ ದಾಟಿದ್ರೆ ಇದು ಇನ್ನೂ ಜಾಸ್ತಿ. ನಾನು ಹೆಡ್ ಆಫೀಸಿಂದ ದೂರದ ದೇಶದಲ್ಲಿರೋನು, ಹೆಸರಲ್ಲೇ ಇದೆ ನೋಡಿ ನನ್ ಹಣೆಬರಹ. ನಾಲ್ಕು ವರ್ಷ ವಾರಕ್ಕೆ ಮೂರು ದಿನ ರಾತ್ರಿ ಹತ್ತೂವರೆ ಕಾಲ್. ಅವ್ರು ಬೆಳಗ್ಗೆ ಫ್ರೆಶ್ ಆಗಿ ಬಂದು ಜೋಕ್ ಹೊಡೀತಿರ್ತಾರೆ, ನಾನು ಮಗು ಎದ್ದೀತು ಅಂತ ಪಿಸುಗುಟ್ತಾ ಮಾತಾಡ್ತಿರ್ತೀನಿ. ನನ್ ರಿವ್ಯೂನಲ್ಲಿ ಏನ್ ಬರ್ದಿದ್ರು ಗೊತ್ತಾ, ‘ಮೀಟಿಂಗಲ್ಲಿ ದನಿ ಎತ್ತಿ ಮಾತಾಡೋದು ಸುಧಾರಿಸ್ಬೇಕು’. ನಗಬೇಕೋ ಅಳಬೇಕೋ.

ಇನ್ನೊಂದು, ಕಾಲ್ ಕಟ್ ಆದ್ಮೇಲೆ ಅವ್ರ ಕಾರಿಡಾರಲ್ಲಿ ಇನ್ನೊಂದು ಮೀಟಿಂಗ್ ನಡೆಯತ್ತೆ. ನಿರ್ಧಾರ ಆಗೋದು ಅಲ್ಲಿ. ಮಾರನೇ ದಿನ ನಮಗೆ ಸಿಗೋದು ಬರೀ ತೀರ್ಪು. ಹೊಸ ಮ್ಯಾನೇಜರ್ ಬಂದು ಎರಡೇ ಕೆಲಸ ಮಾಡಿದ್ರು, ಒಂದು, ಕಾಲ್ ಸಮಯ ತಿಂಗಳಿಗೊಮ್ಮೆ ಸುತ್ತಿಸಿದ್ರು, ಅವ್ರಿಗೂ ಬೆಳಗಿನ ಐದೂವರೆ ಬರೋ ಹಾಗೆ. ಎರಡನೇದು, ಬರಹದಲ್ಲಿ ಇಲ್ದಿದ್ರೆ ಅದು ನಿರ್ಧಾರನೇ ಅಲ್ಲ ಅಂದ್ರು. ಮೊದಲ ಐದೂವರೆ ಕಾಲ್‌ನಲ್ಲಿ ಹೆಡ್ ಆಫೀಸಿನ ನಾಲ್ಕು ಜನರ ಮುಖ ನೋಡ್ಬೇಕಿತ್ತು ನೀವು, ನಾನಂತೂ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡಿದೀನಿ.

ಪಾಠದ ಮೇಡಂ
😂 1969ರಲ್ಲೇ ಪರ್ಲ್‌ಮಟರ್ ಅನ್ನೋರು ಇದನ್ನ ಬರೆದಿದ್ರು. ಕೆಲವು ಕಂಪನಿ ಎಲ್ಲಾ ದೇಶದಲ್ಲೂ ತಮ್ ಮನೆ ಜನರನ್ನೇ ಕೂರಿಸ್ತಾರೆ, ಕೆಲವು ಆಯಾ ದೇಶದವ್ರಿಗೆ ಬಿಡ್ತಾರೆ ಆದ್ರೆ ಅವ್ರು ಹೆಡ್ ಆಫೀಸ್ ಮೆಟ್ಟಿಲು ಹತ್ತೋ ಹಾಗಿಲ್ಲ, ಇನ್ನು ಕೆಲವು ಯಾವ ದೇಶದವ್ರಾದ್ರೂ ಸರಿ ಯೋಗ್ಯರು ಎಲ್ಲಿ ಬೇಕಾದ್ರೂ ಹೋಗ್ಬೋದು ಅಂತಾರೆ. ವಾರ್ಷಿಕ ವರದಿ ಓದಿದ್ರೆ ಎಲ್ಲಾ ಕಂಪನಿಯೂ ಮೂರನೇ ಜಾತಿ. ಬೋರ್ಡಲ್ಲಿ ಯಾರಿದಾರೆ ಅಂತ ನೋಡಿದ್ರೆ ಬಣ್ಣ ಬಯಲು.

ಭಾಷೆದೂ ಒಂದು ಮಾತು. ರಾಕುಟೆನ್ ಅನ್ನೋ ಜಪಾನಿ ಕಂಪನಿ 2010ರಲ್ಲಿ ಇನ್ಮೇಲೆ ಆಫೀಸ್ ಭಾಷೆ ಇಂಗ್ಲಿಷ್, ಎರಡು ವರ್ಷ ಟೈಮ್ ಅಂತ ಘೋಷಣೆ ಮಾಡ್ತು. ಎಲ್ರಿಗೂ ಒಂದೇ ಭಾಷೆ ಅಂದ್ರೆ ಸಮಾನತೆ ಥರ ಕೇಳ್ಸತ್ತೆ, ಆದ್ರೆ ಇಂಗ್ಲಿಷ್ ಅಷ್ಟಾಗಿ ಬರದೇ ಇರೋ ಜಾಣರು ರಾತ್ರೋರಾತ್ರಿ ಮೂಕರಾಗಿಬಿಡ್ತಾರೆ. ನಾನು ಈಗ ಭಾಷೆ ಟ್ರೇನಿಂಗ್ ಕೊಡೋದು ಇಂಗ್ಲಿಷ್ ಹುಟ್ಟುಭಾಷೆ ಆಗಿರೋರಿಗೆ, ನಿಧಾನವಾಗಿ ಮಾತಾಡಿ, ಕ್ರಿಕೆಟ್ ಬೇಸ್‌ಬಾಲ್ ನುಡಿಗಟ್ಟು ಬಿಡಿ, ಇನ್ನೊಬ್ರು ಯೋಚ್ನೆ ಮಾಡೋ ಐದು ಸೆಕೆಂಡ್ ಮೌನವನ್ನ ತುಂಬೋಕೆ ಹೋಗ್ಬೇಡಿ ಅಂತ. ಮೊದಲ ಕ್ಲಾಸಲ್ಲಿ ಎಲ್ರಿಗೂ ಅವಮಾನ ಆದಂಗೆ ಮುಖ.

ಕಾಮೆಂಟ್ ಓದಕ್ಕೆ ಬಂದೋನು
ಆದ್ರೆ ಮೇಡಂ ಆ ದೇಶದವ್ರು ಹಿಂಗೆ ಈ ದೇಶದವ್ರು ಹಂಗೆ ಅಂತ ಚಾರ್ಟ್ ತೋರಿಸ್ತಾರಲ್ಲ, ಬಾಸ್ ಹೇಳಿದ್ದಕ್ಕೆ ಎದುರು ಮಾತಾಡಲ್ಲ ಅಂತೆಲ್ಲ, ಅದು ನಿಜಾನಾ?

ಪಾಠದ ಮೇಡಂ
ಹಾಫ್‌ಸ್ಟೆಡ್ ಅನ್ನೋ ಸಂಶೋಧಕರ ಚಾರ್ಟ್ ಅದು. 1967ರಿಂದ 73ರ ನಡುವೆ ಐಬಿಎಂ ನೌಕರರಿಂದ ಒಂದು ಲಕ್ಷಕ್ಕಿಂತ ಜಾಸ್ತಿ ಪ್ರಶ್ನಾವಳಿ ತುಂಬಿಸಿ ಮಾಡಿದ್ದು. ಒಂದೇ ಕಂಪನಿಯ ಜನ, ಅದೂ ಐವತ್ತು ವರ್ಷ ಹಳೇದು, ಮತ್ತೆ ಅದು ದೇಶದ ಸರಾಸರಿ, ಎದುರಿಗೆ ಕೂತಿರೋ ಮನುಷ್ಯನ ಜಾತಕ ಅಲ್ಲ. ಚಾರ್ಟ್ ನೋಡಿ ‘ನಿಮ್ ದೇಶದವ್ರು ಹೀಗಂತೆ’ ಅಂತ ಶುರು ಮಾಡೋ ಮ್ಯಾನೇಜರ್‌ಗಿಂತ ಏನೂ ಓದ್ದೇ ಇರೋ ಮ್ಯಾನೇಜರ್ ವಾಸಿ. ಸುಮ್ನೆ ಕೇಳಿ, ನಿಮಗೆ ಒಪ್ಪಿಗೆ ಇಲ್ದಿದ್ರೆ ಅದನ್ನ ನೀವು ಹೇಗೆ ಹೇಳೋಕೆ ಇಷ್ಟ ಪಡ್ತೀರ, ಮೀಟಿಂಗಲ್ಲೋ, ಆಮೇಲೆ ಒಂದು ಮೆಸೇಜಲ್ಲೋ ಅಂತ.

ಕ್ಯಾಪ್ಶನ್ ಹಾಕಿ ಪ್ಲೀಸ್
ಕಿವಿ ಕೇಳ್ಸದೇ ಇರೋರು ಒಬ್ರು ಅಂದ್ರಲ್ಲ, ಅವ್ರು ಉಳಿದ್ರಾ ಹೋದ್ರಾ? ನಂಗೂ ಎಡಕಿವಿ ಪೂರ್ತಿ ಇಲ್ಲ, ಬಲಕ್ಕೆ ಮಷಿನ್. ಇಂಟರ್‌ವ್ಯೂಗೆ ಕರೆಯೋ ಇಮೇಲಲ್ಲೇ ‘ನಿಮಗೆ ಏನಾದ್ರೂ ವ್ಯವಸ್ಥೆ ಬೇಕಾ’ ಅಂತ ಒಂದು ಸಾಲು ಇದ್ರೆ ನಾನು ಬರೀತೀನಿ, ಇಲ್ದಿದ್ರೆ ಬಾಯ್ಬಿಟ್ಟು ಕೇಳೋಕೆ ಧೈರ್ಯ ಬರಲ್ಲ, ಕೇಳಿದ್ರೆ ರಿಜೆಕ್ಟ್ ಮಾಡ್ತಾರೇನೋ ಅಂತ. ಅಂಗವಿಕಲರ ಹಕ್ಕುಗಳ 2006ರ ವಿಶ್ವಸಂಸ್ಥೆ ಒಪ್ಪಂದದಲ್ಲಿ ತಕ್ಕ ವ್ಯವಸ್ಥೆ ಕೊಡದೇ ಇರೋದೂ ತಾರತಮ್ಯವೇ ಅಂತ ಬರೆದಿದೆ, ಅದು ಸರಿ, ಆದ್ರೆ ಮೀಟಿಂಗ್ ಮಧ್ಯೆ ಒಪ್ಪಂದ ಓದಿ ಹೇಳೋಕಾಗತ್ತಾ.

ನಂಗೆ ಬೇಕಿರೋದು ದೊಡ್ಡ ಬಜೆಟ್ ಏನಲ್ಲ. ಒಬ್ರಾದ್ಮೇಲೆ ಒಬ್ರು ಮಾತಾಡಿ. ಕಿಟಕಿಗೆ ಬೆನ್ನು ಹಾಕಿ ಕೂರ್ಬೇಡಿ, ಮುಖ ಕಪ್ಪಾಗಿ ತುಟಿ ಕಾಣಲ್ಲ. ಏನ್ ಮಾತಾಡ್ತೀರ ಅಂತ ಮುಂಚೆನೇ ನಾಲ್ಕು ಸಾಲು ಕಳ್ಸಿ. ಮಾತಾಡಿದ್ದು ಪರದೆ ಮೇಲೆ ಅಕ್ಷರವಾಗಿ ಬರೋ ಕ್ಯಾಪ್ಶನ್ ಆನ್ ಮಾಡಿ. ಒಂದು ಸಲ ನನ್ ಹೊಸ ಟೀಮಲ್ಲಿ ಕ್ಯಾಪ್ಶನ್ ಆನ್ ಇಟ್ರು, ಎರಡು ವಾರ ಆದ್ಮೇಲೆ ತಪ್ಪಿ ಆಫ್ ಆದಾಗ ‘ಅಯ್ಯೋ ಯಾರು ತೆಗ್ದಿದ್ದು’ ಅಂತ ಕೂಗಿದ್ದು ನಾನಲ್ಲ, ಬೇರೆ ಮೂರು ದೇಶದವ್ರು. ಅವ್ರೂ ಅದನ್ನೇ ಓದ್ಕೊಂಡು ಮೀಟಿಂಗ್ ಅರ್ಥ ಮಾಡ್ಕೋತಿದ್ರಂತೆ.

ಹಳೇ ಎಚ್ಆರ್
ಇನ್ನೊಂದು ಎಚ್ಚರಿಕೆ, ಗ್ಲೋಬಲ್ ಕಂಪನಿ ಅಂತ ಒಂದೇ ಪಾಲಿಸಿ ಬರೆದು ಎಲ್ಲಾ ದೇಶಕ್ಕೂ ಅಂಟಿಸೋ ಹಾಗಿಲ್ಲ. ಅಮೆರಿಕದ 1964ರ ಸಿವಿಲ್ ರೈಟ್ಸ್ ಕಾನೂನಲ್ಲಿ ಜನಾಂಗ, ಲಿಂಗ ನೋಡಿ ಕೆಲಸ ನಿರಾಕರಿಸೋದೂ ತಪ್ಪು, ಅದನ್ನೇ ನೋಡಿ ಕೊಡೋದೂ ತಪ್ಪು. ನಾರ್ವೆಯಲ್ಲಿ 2003ರ ಕಾನೂನು ಪಬ್ಲಿಕ್ ಲಿಮಿಟೆಡ್ ಕಂಪನಿಗಳ ಬೋರ್ಡಲ್ಲಿ ಹೆಂಗಸರಿಗೂ ಗಂಡಸರಿಗೂ ತಲಾ ಸುಮಾರು 40 ಪರ್ಸೆಂಟಾದ್ರೂ ಇರ್ಲೇಬೇಕು ಅನ್ನತ್ತೆ. ಫ್ರಾನ್ಸಲ್ಲಿ ನೌಕರರ ಜನಾಂಗದ ಅಂಕಿ ಸಂಗ್ರಹಿಸೋಕೇ ಕಾನೂನು ಹೆಚ್ಚುಕಮ್ಮಿ ಬಿಡಲ್ಲ. ಹೆಡ್ ಆಫೀಸಿಂದ ‘ಈ ಟೇಬಲ್ ತುಂಬಿ ಕಳ್ಸಿ’ ಅಂತ ಎಲ್ಲಾ ದೇಶಕ್ಕೂ ಒಂದೇ ಎಕ್ಸೆಲ್ ಬಂದ್ರೆ ಮೊದ್ಲು ವಕೀಲರಿಗೆ ತೋರ್ಸಿ.

ಲೆಕ್ಕ ಬೇಕು ಅನ್ನೋರಿಗೆ ಅಮೆರಿಕದವ್ರ 1978ರ ಮಾರ್ಗಸೂಚಿಯಲ್ಲಿ ಐದರಲ್ಲಿ ನಾಲ್ಕು, ಅಂದ್ರೆ 80 ಪರ್ಸೆಂಟ್, ಅನ್ನೋ ಒಂದು ಸುಲಭ ಅಳತೆ ಇದೆ. 100 ಗಂಡಸರಲ್ಲಿ 50 ಜನ ಒಂದು ಸುತ್ತು ದಾಟಿದ್ರು, 50 ಪರ್ಸೆಂಟ್. 40 ಹೆಂಗಸರಲ್ಲಿ 14 ಜನ ದಾಟಿದ್ರು, 35 ಪರ್ಸೆಂಟ್. 35 ಅನ್ನ 50ರಿಂದ ಭಾಗ್ಸಿ, 0.7 ಬರತ್ತೆ, ಅಂದ್ರೆ 70 ಪರ್ಸೆಂಟ್, 80ಕ್ಕಿಂತ ಕಮ್ಮಿ, ಅಂದ್ರೆ ಆ ಸುತ್ತಲ್ಲಿ ಏನೋ ಇದೆ, ಹೋಗಿ ನೋಡಿ. ತಪ್ಪು ಅಂತ ಸಾಬೀತಾಯ್ತು ಅಂತಲ್ಲ, ಹೊಗೆ ಕಾಣ್ತಿದೆ ಅಂತ. ನಾನು ಇದನ್ನ ರೆಸ್ಯೂಮೆ, ಫೋನ್, ಪ್ಯಾನೆಲ್, ಆಫರ್ ಅಂತ ಪ್ರತಿ ಹಂತಕ್ಕೂ ಹಾಕ್ತೀನಿ, ಆಮೇಲೆ ಪ್ರಮೋಶನ್‌ಗೂ ಹಾಕ್ತೀನಿ. ಕೊನೇದು ಹಾಕಿದಾಗಲೇ ಜನ ನನ್ ಜೊತೆ ಮಾತು ಬಿಡೋದು.

ಮೆರಿಟ್ ಮಾತ್ರ
ಹಳೇ ಎಚ್ಆರ್, ಆ ಐದು ಕಾಲಮ್ ಸ್ಕೋರ್ ಶೀಟ್ ಇದ್ರೆ ಹಾಕಿ. ಒಪ್ಕೊಂಡೆ ಅಂತಲ್ಲ. ನೋಡ್ಬೇಕು.

ಹಳೇ ಎಚ್ಆರ್
ಕಂಪನಿದು, ಹಾಕೋಕಾಗಲ್ಲಪ್ಪ. ನೀವೇ ಮಾಡ್ಬೋದು, ನಿಮ್ ಟೀಮಲ್ಲಿ ಈ ಕೆಲಸ ಚೆನ್ನಾಗಿ ಮಾಡೋ ಇಬ್ರನ್ನ, ಹೆಣಗಾಡೋ ಇಬ್ರನ್ನ ಮನಸ್ಸಲ್ಲಿಟ್ಕೊಂಡು ಅವ್ರ ನಡುವಿನ ವ್ಯತ್ಯಾಸ ಕೆಲಸದಲ್ಲಿ ಎಲ್ಲಿ ಕಾಣತ್ತೆ ಬರೀರಿ. ಮಾತಿನ ಚಟಾಕಿ, ಕಾಲೇಜು ಎಲ್ಲಾ ತಾನೇ ಉದುರಿ ಹೋಗತ್ತೆ. 1ಕ್ಕೆ ಎಂಥ ಉತ್ತರ, 5ಕ್ಕೆ ಎಂಥ ಉತ್ತರ ಅಂತ ಮೊದ್ಲೇ ಬರೆದಿಡಿ, ಅದನ್ನ ಬರೆಯದೇ ಇದ್ರೆ ಶೀಟ್ ಬರೀ ಅಲಂಕಾರ.

ಟೀಮ್‌ಲೀಡ್ ಗೋಳು
ನಾಲ್ಕು ದಿನ ಆದ್ಮೇಲೆ ವಾಪಸ್ ಬಂದೆ. ಕ್ಯಾಪ್ಶನ್ ಅವ್ರೇ, ಅವ್ರು ಇನ್ನೂ ಇದಾರೆ, ಜೊತೆಗೆ 50 ದಾಟಿದವ್ರು. ಉಳಿದ ನಾಲ್ಕು ಜನ ಹೋಗಿದ್ದು.

ಹಳೇ ಎಚ್ಆರ್ ಕೇಳಿದ ಪ್ರಶ್ನೆಗೆ ಉತ್ತರ ಹುಡುಕೋಕೆ 18 ತಿಂಗಳ ಟಾಸ್ಕ್ ಬೋರ್ಡ್ ಪೂರ್ತಿ ಎಕ್ಸೆಲ್‌ಗೆ ಇಳಿಸಿದೆ. ಡಿಸೈನ್ ಕೆಲಸ, ಕಸ್ಟಮರ್ ಎದುರು ಹೋಗಿ ಮಾತಾಡೋ ಕೆಲಸ, ಇವೆರಡರಿಂದ್ಲೇ ನಮ್ಮಲ್ಲಿ ಪ್ರಮೋಶನ್ ಆಗೋದು. ಅಂಥವು ಒಟ್ಟು 27. ಹೊಸ ಆರು ಜನಕ್ಕೆ ಸೇರಿ ಸಿಕ್ಕಿದ್ದು 2. ಹಂಚಿದ್ದು ಯಾರು? ನಾನೇ, 27ಕ್ಕೂ ನನ್ನ ಹೆಸರೇ ಇದೆ. ಒಂದೊಂದೂ ನೆನಪಿದೆ, ಪ್ರತಿ ಸಲ ‘ಅರ್ಜೆಂಟ್ ಇದೆ, ಗೊತ್ತಿರೋನ್ಗೇ ಕೊಟ್‌ಬಿಡೋಣ, ಮುಂದಿನ ಸಲ ಇವ್ರಿಗೆ ಕೊಡೋಣ’ ಅಂತ. ಯಾವ ಮುಂದಿನ ಸಲವೂ ಅರ್ಜೆಂಟ್ ಇಲ್ದೇ ಬರ್ಲಿಲ್ಲ.

ಇಮೇಲ್‌ಗಳನ್ನೂ ಹುಡುಕ್ದೆ. ‘ಚೆನ್ನಾಗಿದೆ ಥ್ಯಾಂಕ್ಸ್’ ಲೆಕ್ಕ ಇಲ್ಲಿ ಹಾಕಲ್ಲ, ಮರ್ಯಾದೆ ಪ್ರಶ್ನೆ.

ಬಿಟ್ಟು ಹೋದ ಮೇಡಂ ಒಬ್ರಿಗೆ ಫೋನ್ ಮಾಡಿ, ಈಗ ನಾನು ನಿಮ್ ಬಾಸ್ ಅಲ್ಲ, ಬೈಯಿರಿ ಅಂದೆ. ಬೈಲಿಲ್ಲ. ‘ಈಗಿನ ಆಫೀಸಲ್ಲಿ ಮೊದಲ ತಿಂಗಳೇ ಒಂದು ಮಾಡ್ಯೂಲ್ ಕೈಗೆ ಕೊಟ್ರು, ಎರಡು ಸಲ ಒಡೆದು ಹಾಕ್ದೆ, ಮೂರನೇ ಸಲ ನಡೀತು’ ಅಂದ್ರು. ದನಿಯಲ್ಲಿ ಏನೋ ಒಂದು ಹೆಮ್ಮೆ, ನನ್ ಟೀಮಲ್ಲಿದ್ದಾಗ ಆ ದನಿ ನಾನು ಕೇಳಿರ್ಲಿಲ್ಲ.

ಮೂಲೆ ಕುರ್ಚಿ
ಇಷ್ಟು ಬರೆಯೋಕೆ ಗುಂಡಿಗೆ ಬೇಕು. ಈಗಿರೋ ಇಬ್ರಿಗೆ ಏನ್ ಕೊಡ್ತೀರ?

ಟೀಮ್‌ಲೀಡ್ ಗೋಳು
ಮುಂದಿನ ಡಿಸೈನ್ 50 ದಾಟಿದ ಸರ್‌ಗೆ ಕೊಟ್ಟಾಯ್ತು, ಅರ್ಜೆಂಟ್ ಇತ್ತು, ಆದ್ರೂ ಕೊಟ್ಟೆ. ಡೇಟ್ ಒಂದು ವಾರ ಮುಂದಕ್ಕೆ ಕೇಳಿದೀನಿ, ಮೇಲಿನವ್ರು ಗೊಣಗಿದ್ರು. ಮೊದಲ ಡ್ರಾಫ್ಟ್‌ಗೆ 23 ಕಾಮೆಂಟ್ ಹಾಕಿದೀನಿ, ಹಾಕುವಾಗ ಕೈ ನಡುಗ್ತು ನಿಜ ಹೇಳ್ಬೇಕಂದ್ರೆ. ಅವ್ರು ಅದ್ರಲ್ಲಿ ಒಂಬತ್ತಕ್ಕೆ ‘ನೀವು ಹೇಳಿದ್ದು ತಪ್ಪು, ಯಾಕಂದ್ರೆ’ ಅಂತ ಶುರು ಮಾಡಿ ಉತ್ತರ ಬರೆದಿದಾರೆ. ಆರರಲ್ಲಿ ಅವ್ರೇ ಸರಿ. ಇನ್ನೊಬ್ರು ಮುಂದಿನ ವಾರ ಕಸ್ಟಮರ್ ಕಾಲ್ ತಗೋತಾರೆ, ಕ್ಯಾಪ್ಶನ್ ಆನ್, ನಾಲ್ಕು ಸಾಲಿನ ಅಜೆಂಡಾ ಮುಂಚೆನೇ ಹೋಗಿದೆ, ನಾನು ಮ್ಯೂಟಲ್ಲಿ ಇರ್ತೀನಿ.

ಮತ್ತೆ ನಿಮ್ ಕಾಮೆಂಟ್ ಓದಿ ನಮ್ ಕರಿಯರ್ ಪೇಜ್ ತೆಗೆದು ನೋಡ್ದೆ. ಬಿಟ್ಟು ಹೋದ ನಾಲ್ಕರಲ್ಲಿ ಮೂರು ಜನ ಅಲ್ಲೇ ನಗ್ತಾ ನಿಂತಿದಾರೆ. ತೆಗೀರಿ ಅಂತ ವೆಬ್ ಟೀಮ್‌ಗೆ ಟಿಕೆಟ್ ಹಾಕಿದೀನಿ, ಮೂರು ವಾರ ಆಗತ್ತಂತೆ.

ಮೂಲೆ ಕುರ್ಚಿ
ನಂದು ಆರು ತಿಂಗಳಾಗಿತ್ತು. ನಿಮ್ ವೆಬ್ ಟೀಮ್ ಫಾಸ್ಟ್ ಇದೆ 😄